ಮಾಮು, ಬೆಂಜ್ ಮತ್ತು ನನ್ನ ಲೆಕ್ಕದ ಪುಸ್ತಕ

ನಮ್ಮ ಮಾಮು 19 ವರ್ಷ ಜಿದ್ದಾದಲ್ಲಿ ಡ್ರೈವರ್ ಆಗಿದ್ದವರು. ಕಫೀಲ್ ತೀರಿಕೊಂಡ ಮೇಲೆ ಅವರ ಮಕ್ಕಳು ಮನೆ ಮಾರಿದರು, ಮಾಮು ದಾವಣಗೆರೆಗೆ ವಾಪಸ್ ಬಂದರು. ತಂದದ್ದು ಎರಡು ಸೂಟ್‌ಕೇಸ್, ಸ್ವಲ್ಪ ಉಳಿತಾಯ, ಮತ್ತು ಫೋನಿನಲ್ಲಿ ಒಂದು ಬಿಳಿ ಕಾರಿನ ನೂರಾರು ಫೋಟೊ. ಕಫೀಲ್ ಮನೆಯ ಹಳೆಯ ಮರ್ಸಿಡಿಸ್ ಬೆಂಜ್ ಅದು. ಮನೆಗೆ ಯಾರೇ ಬಂದರೂ ಮಾಮು ಆ ಫೋಟೊ ತೋರಿಸಿ ಒಂದೇ ಮಾತು ಹೇಳುತ್ತಾರೆ: "ಬೆಂಜ್ ಕಬೀ ಮರ್ತೀ ನೈ." ಬೆಂಜ್‌ಗೆ ಸಾವೇ ಇಲ್ಲ ಅಂತ.

ಈ ಮಾತು ಫೋಟೊದಲ್ಲೇ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಬಕ್ರೀದ್ ಮುಗಿದ ವಾರ ಮಾಮು ಹೊಸ ಯೋಜನೆ ತಂದರು. ಬೆಂಗಳೂರಿನ ಒಬ್ಬ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯ ಹತ್ತಿರ 2005ರ ಮಾಡೆಲ್ ಇ-ಕ್ಲಾಸ್ ಡೀಸೆಲ್ ಇದೆ, 3 ಲಕ್ಷದ 25 ಸಾವಿರಕ್ಕೆ ಕೊಡುತ್ತಾನೆ. ಅದನ್ನು ತಂದು ಮದುವೆಗಳಿಗೆ ಬಾಡಿಗೆಗೆ ಬಿಡೋಣ, ದೂಲ್ಹಾ ಬೆಂಜ್‌ನಲ್ಲಿ ಬರೋದು ಅಂದರೆ ಯಾರಿಗೆ ಬೇಡ? ಟೋಕನ್ ಅಂತ 20 ಸಾವಿರ ಆಗಲೇ ಕಳಿಸಿಬಿಟ್ಟಿದ್ದರು. ಕಡಿಮೆ ಬಿದ್ದ 2 ಲಕ್ಷವನ್ನು ಅಬ್ಬಾ ಹತ್ತಿರ ಕರ್ಜ್-ಎ-ಹಸನಾ ಆಗಿ ಕೇಳಿದರು. ಅದು ಬಡ್ಡಿ ಇಲ್ಲದ ಕೈಗಡ.

ಆ 2 ಲಕ್ಷ ಯಾವುದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅರ್ಧ ಆಪಾ ನಿಕಾಹ್‌ಗೆ, ಅರ್ಧ ನನ್ನ ಸಿಎ ಓದಿಗೆ. ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯುವವರು, ದುಡ್ಡಿನ ವಿಷಯದಲ್ಲಿ ಬೇಗ ಹೂಂ ಅನ್ನುವವರಲ್ಲ. ಆದರೆ ಅಮ್ಮಿಯ ಒಬ್ಬನೇ ತಮ್ಮ. ಇಲ್ಲ ಅನ್ನುವುದೂ ಕಷ್ಟ. ಆಗ ಅವರು ನನ್ನ ಕಡೆ ತಿರುಗಿ ಅಂದರು: "ಕಾಮರ್ಸ್ ಓದ್ತಾ ಇದ್ದೀಯಲ್ಲ, ಹಳೇ ಬೆಂಜ್ ಯಾವುದು, ಹೊಸ ಬೆಂಜ್ ಯಾವುದು, ಇದು ಯಾವುದರಲ್ಲಿ ಸೇರುತ್ತೆ, ಲೆಕ್ಕ ಹಾಕಿ ಹೇಳು."

ಹೀಗೆ ನಾನು ಎರಡು ವಾರ ಓದಿದ್ದು, ಕೇಳಿದ್ದು ಇಲ್ಲಿದೆ. ನಮ್ಮ ಮನೆ ಮಾತು ಉರ್ದು, ಕನ್ನಡ ಎಲ್ಲಾದರೂ ಎಡವಿದ್ದರೆ ಕ್ಷಮಿಸಿ. ಕನ್ನಡ ಮೇಡಂ ಒಂದು ಸಲ ತಿದ್ದಿದ್ದಾರೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಾವು ಸುಮ್ಮನೆ 'ಬೆಂಜ್' ಅಂತೀವಿ. ಕಂಪನಿಯವರಿಗೆ ಪ್ರತಿ ಪೀಳಿಗೆಗೂ ಒಂದು ಗುಟ್ಟಿನ ನಂಬರ್ ಇದೆ. ಮಾಮು ಓಡಿಸಿದ ಬಿಳಿ ಕಾರು ಡಬ್ಲ್ಯು 123. ಅದು 1976ರ ಜನವರಿಯಲ್ಲಿ ಬಂತು, ಸುಮಾರು 10 ವರ್ಷದಲ್ಲಿ ಹತ್ತಿರ ಹತ್ತಿರ 27 ಲಕ್ಷ ಕಾರು ತಯಾರಾದವು. ಅದರ ನಂತರದ್ದು 1984ರ ಕೊನೆಯಲ್ಲಿ ಬಂದ ಡಬ್ಲ್ಯು 124. ಆಮೇಲೆ 1995ರಲ್ಲಿ 210, 2002ರಲ್ಲಿ 211, 2009ರಲ್ಲಿ 212, 2016ರಲ್ಲಿ 213, 2023ರಲ್ಲಿ 214. ಎಲ್ಲವೂ ಒಂದೇ ವಂಶ. ಇ-ಕ್ಲಾಸ್ ಅನ್ನುವ ಹೆಸರು ಮಾತ್ರ 1993ರಲ್ಲಿ ಬಂದದ್ದು. ಅದಕ್ಕೂ ಮೊದಲು ನಂಬರಿನ ಹಿಂದೆ 'ಇ' ಇದ್ದರೆ ಪೆಟ್ರೋಲ್ ಇಂಜೆಕ್ಷನ್ ಇದೆ ಅಂತ ಅರ್ಥ, 'ಡಿ' ಇದ್ದರೆ ಡೀಸೆಲ್. ವ್ಯಾಪಾರಿ ಮಾರುತ್ತಿದ್ದದ್ದು 2005ರದ್ದು, ಅಂದರೆ ಡಬ್ಲ್ಯು 211. ಮಾಮು ಪ್ರೀತಿಸಿದ ಕಾರಿಗೆ ಇದು ಮರಿಮಗ. ಮಾಮು ಕಣ್ಣಿಗೆ ಮಾತ್ರ ಬಾನೆಟ್ ಮೇಲಿನ ನಕ್ಷತ್ರ ಒಂದೇ ಕಾಣುತ್ತಿತ್ತು.

ಡಬ್ಲ್ಯು 123 ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ 'ಸಾವಿಲ್ಲ' ಅನ್ನುವ ಮಾತು ಹುಟ್ಟಿದ್ದೇ ಅಂಥ ಕಾರುಗಳಿಂದ. ಅದರಲ್ಲಿ 240 ಡಿ ಅಂತ ಒಂದು ಡೀಸೆಲ್ ಮಾಡೆಲ್. 2.4 ಲೀಟರ್, ನಾಲ್ಕು ಸಿಲಿಂಡರ್, ಶುರುವಿನಲ್ಲಿ ಬರೀ 65 ಅಶ್ವಶಕ್ತಿ, ಆಮೇಲೆ 72. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಬರಲು 20 ಸೆಕೆಂಡಿಗಿಂತ ಜಾಸ್ತಿ ಬೇಕು. ಈಗಿನ ನಮ್ಮ ಸಣ್ಣ ಕಾರುಗಳೂ ಅದನ್ನು ಹಿಂದೆ ಹಾಕುತ್ತವೆ. ಹಾಗಿದ್ದರೆ ಅದರ ದೊಡ್ಡತನ ಎಲ್ಲಿತ್ತು?

ಇದನ್ನು ನನಗೆ ಬಿಡಿಸಿ ಹೇಳಿದ್ದು ಪಿ.ಬಿ. ರಸ್ತೆಯ ಗ್ಯಾರೇಜಿನ ಉಸ್ತಾದ್. ಮಾಮು ಜೊತೆ ಹೋಗಿದ್ದೆ. ಪ್ರಶ್ನೆ ಕೇಳಿದ್ದು ನಾನು, ಉಸ್ತಾದ್ ಉತ್ತರ ಕೊಟ್ಟದ್ದು ಮಾಮು ಮುಖ ನೋಡಿ. ಮೂರನೇ ಪ್ರಶ್ನೆಯ ಹೊತ್ತಿಗೆ ನನ್ನ ಕಡೆ ತಿರುಗಿದರು. ಅವರು ಹೇಳಿದ್ದು ಇಷ್ಟು. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು, ಕಿಡಿಗೆ ಪ್ಲಗ್, ಕಾಯಿಲ್, ವೈರ್ ಬೇಕು. ಡೀಸೆಲ್‌ಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಚಿಕ್ಕದು ಮಾಡಿದರೆ ಅದು ತಾನೇ ಕಾಯುತ್ತದೆ, ಆ ಕಾವಿಗೆ ಡೀಸೆಲ್ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. 240 ಡಿ ಎಂಜಿನ್‌ನಲ್ಲಿ ಗಾಳಿ 21ರಲ್ಲಿ ಒಂದು ಭಾಗಕ್ಕೆ ಇಳಿಯುತ್ತಿತ್ತು. ಡೀಸೆಲ್ ಚಿಮ್ಮಿಸುವ ಕೆಲಸಕ್ಕೆ ಬಾಷ್ ಕಂಪನಿಯ ಪಂಪ್, ಅದೂ ಪೂರ್ತಿ ಕಬ್ಬಿಣದ ಹಲ್ಲು, ಸ್ಪ್ರಿಂಗ್‌ಗಳ ಮೇಲೆ ನಡೆಯುವಂಥದ್ದು. ಒಂದು ಸಲ ಸ್ಟಾರ್ಟ್ ಆದರೆ ಬ್ಯಾಟರಿ ಕಿತ್ತರೂ ಎಂಜಿನ್ ನಿಲ್ಲುವುದಿಲ್ಲ. ಕೀ ತಿರುಗಿಸಿ ಆಫ್ ಮಾಡುವುದಕ್ಕೂ ಕರೆಂಟ್ ಬಳಸುತ್ತಿರಲಿಲ್ಲ, ಗಾಳಿಯ ಎಳೆತದಿಂದ ಡೀಸೆಲ್ ನಿಲ್ಲಿಸುತ್ತಿದ್ದರು. ಬಾಗಿಲ ಸೆಂಟ್ರಲ್ ಲಾಕ್ ಕೂಡ ಅದೇ ಎಳೆತದಿಂದ ನಡೆಯುತ್ತಿತ್ತು. ಸಣ್ಣ ರಬ್ಬರ್ ನಳಿಗೆಯಲ್ಲಿ ಎಲ್ಲೋ ತೂತಾದರೆ ಎಂಜಿನ್ ಆಫ್ ಆಗುವುದೇ ಇಲ್ಲ! ಅದನ್ನು ಹೇಳಿ ಉಸ್ತಾದ್ ನಕ್ಕರು. ಕೆಡಲು ಏನೂ ಇರಲಿಲ್ಲ ಅಂತಲ್ಲ, ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಪಾನಾ ಹಿಡಿದವನಿಗೆ ರಿಪೇರಿ ಆಗುತ್ತಿತ್ತು.

"ನೀನು ಜರ್ಮನಿ ಜರ್ಮನಿ ಅಂತೀಯ, ಇಲ್ಲಿ ಬಾ" ಅಂತ ಅವರು ಗ್ಯಾರೇಜಿನ ಮೂಲೆಯಲ್ಲಿದ್ದ ಒಂದು ಹಳೇ ಟೆಂಪೋ ಟ್ರಾವೆಲರ್ ಹತ್ತಿರ ಕರೆದುಕೊಂಡು ಹೋದರು. ಬಜಾಜ್ ಟೆಂಪೋ ಅಂತ ಇದ್ದ, ಈಗ ಫೋರ್ಸ್ ಮೋಟಾರ್ಸ್ ಆಗಿರುವ ಕಂಪನಿ ಮರ್ಸಿಡಿಸ್‌ನಿಂದ ಪರವಾನಗಿ ಪಡೆದು ಟ್ರಾವೆಲರ್, ಟ್ರ್ಯಾಕ್ಸ್‌ಗಳಿಗೆ ಹಾಕಿದ್ದು ಇದೇ 240 ಡಿಯ ಎಂಜಿನ್, ಓಎಂ 616. ನಾನು ಪ್ರೈಮರಿ ಸ್ಕೂಲಿಗೆ ಐದು ವರ್ಷ ಹೋಗಿದ್ದು ಟ್ರ್ಯಾಕ್ಸ್‌ನಲ್ಲಿ, ಹದಿನೆಂಟು ಮಕ್ಕಳ ಮಧ್ಯೆ ಒತ್ತಿಕೊಂಡು. ಬೆಂಜ್ ಎಂಜಿನ್ ಸವಾರಿ ನನಗೆ ಆಗಲೇ ಆಗಿದೆ ಅಂತ ಗೊತ್ತೇ ಇರಲಿಲ್ಲ. ಇನ್ನೂ ಹಿಂದೆ ಹೋದರೆ, 1954ರಿಂದ 15 ವರ್ಷ ಟೆಲ್ಕೊ ಲಾರಿಗಳು ಡೈಮ್ಲರ್-ಬೆಂಜ್ ಸಹಯೋಗದಲ್ಲಿ ತಯಾರಾಗಿ, ಮೂತಿಯ ಮೇಲೆ ಆ ನಕ್ಷತ್ರ ಹೊತ್ತು ಓಡಾಡಿದವು. ಬಾಷ್ ಪಂಪ್ ಕೂಡ ನಮ್ಮದೇ ಊರಿನ ನೆಂಟ. ಬೆಂಗಳೂರಿನ ಆಡುಗೋಡಿಯ ಮೈಕೊ ಅಂದರೆ ಬಾಷ್ ಕಂಪನಿಯೇ; 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಹೆಸರನ್ನೂ ಬಾಷ್ ಅಂತ ಬದಲಿಸಿಕೊಂಡಿತು. ಅದಕ್ಕೇ ನಮ್ಮ ಕಡೆ ಡೀಸೆಲ್ ಮೆಕ್ಯಾನಿಕ್‌ಗಳು ಈಗಲೂ 'ಮೈಕೊ ಪಂಪ್' ಅಂತಾರೆ.

ಗ್ರೀಸ್ ದೇಶದಲ್ಲಿ ಗ್ರೆಗೋರಿಯೋಸ್ ಸಾಚಿನಿಡಿಸ್ ಅಂತ ಒಬ್ಬ ಟ್ಯಾಕ್ಸಿ ಡ್ರೈವರ್ ಇದ್ದರು. 1976ರ 240 ಡಿ ಒಂದನ್ನು, ಅದು ಡಬ್ಲ್ಯು 123ಕ್ಕಿಂತ ಒಂದು ಪೀಳಿಗೆ ಹಿಂದಿನದು, 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಕೊಟ್ಟರು. ಮೊರಾಕ್ಕೊದಲ್ಲಿ ಊರಿಂದೂರಿಗೆ ಓಡುವ 'ಗ್ರ್ಯಾಂಡ್ ಟ್ಯಾಕ್ಸಿ'ಗಳು ದಶಕಗಟ್ಟಲೆ ಇದೇ ಕಾರುಗಳು. ಸರ್ಕಾರವೇ ಸಹಾಯಧನ ಕೊಟ್ಟು ಹೊಸ ಗಾಡಿಗೆ ಬದಲಾಯಿಸಬೇಕಾಯಿತು. ಮಾಮು ಈ ಎರಡೂ ಕತೆಯನ್ನು ಖುಷಿಯಿಂದ ಕೇಳಿದರು. ಆದರೆ ಸಾಚಿನಿಡಿಸ್ ಕತೆಯ ಇನ್ನೊಂದು ಭಾಗ ನಾನು ಹೇಳಿದಾಗ ಸುಮ್ಮನಾದರು. ಆ 46 ಲಕ್ಷ ಕಿಲೋಮೀಟರ್‌ನಲ್ಲಿ ಎಂಜಿನ್‌ಗಳನ್ನು ಮತ್ತೆ ಮತ್ತೆ ಇಳಿಸಿ, ಬದಲಿಸಿ ಏರಿಸಿದ್ದಾರೆ. ಕಾರು ಸಾಯಲಿಲ್ಲ ಅನ್ನುವುದಕ್ಕಿಂತ ಮಾಲೀಕ ಸಾಯಲು ಬಿಡಲಿಲ್ಲ ಅನ್ನಬೇಕು.

ಮುಂದಿನದು ಡಬ್ಲ್ಯು 124. ಬ್ರೂನೊ ಸಾಕ್ಕೊ ಎಂಬ ವಿನ್ಯಾಸಕಾರರ ಕೈಕೆಳಗೆ ರೂಪುಗೊಂಡದ್ದು. ಹಳೆಯದು ಡಬ್ಬಿಯ ಹಾಗೆ ಗಾಳಿಗೆ ಎದೆಯೊಡ್ಡುತ್ತಿತ್ತು, ಇದು ಗಾಳಿ ಸೀಳಿಕೊಂಡು ಹೋಗುತ್ತಿತ್ತು. ಗಾಳಿಯ ತಡೆಯನ್ನು ಅಳೆಯುವ ಒಂದು ಸಂಖ್ಯೆ ಇದೆ, ಕಡಿಮೆ ಇದ್ದಷ್ಟೂ ಒಳ್ಳೆಯದು, 123ರಲ್ಲಿ 0.42 ಇದ್ದದ್ದು 124ರಲ್ಲಿ 0.30ರ ಆಸುಪಾಸಿಗೆ ಇಳಿಯಿತು. ಮುಂದಿನ ಗಾಜಿಗೆ ಒಂದೇ ಒಂದು ವೈಪರ್, ಅದು ಮೂಲೆ ಮೂಲೆಗೆ ಕೈ ಚಾಚಿ ಒರೆಸುತ್ತಿತ್ತು. ಹಿಂದಿನ ಪ್ರತಿ ಚಕ್ರವನ್ನು ಐದು ಸಣ್ಣ ತೋಳುಗಳು ಹಿಡಿದಿದ್ದವು, ಅದರಿಂದ ತಿರುವಿನಲ್ಲಿ ಕಾರು ಅಲುಗುತ್ತಿರಲಿಲ್ಲ. ಭಾರತದಲ್ಲಿ ತಯಾರಾದ ಮೊದಲ ಮರ್ಸಿಡಿಸ್ ಕಾರು ಕೂಡ ಇದೇ: 1995ರಲ್ಲಿ ಪುಣೆಯ ಟೆಲ್ಕೊ ಆವರಣದಲ್ಲಿ, ಇ 220 ಮತ್ತು ಇ 250 ಡೀಸೆಲ್. ತಿಳಿದವರು ಹಳೆಯ ಗಟ್ಟಿತನವೂ ಹೊಸ ಬುದ್ಧಿಯೂ ಸೇರಿದ್ದು ಇದೊಂದರಲ್ಲೇ ಅಂತಾರೆ. ಹಾಗಂತ ಅದರಲ್ಲಿ ಕೊರತೆಯೇ ಇರಲಿಲ್ಲ ಅಂತಲ್ಲ. 1990ರ ದಶಕದಲ್ಲಿ ತಯಾರಾದ ಅನೇಕ ಕಾರುಗಳಲ್ಲಿ ಎಂಜಿನ್ ವೈರಿಂಗಿನ ಮೇಲ್ಪದರ ಕಾವಿಗೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ವೈರಿಂಗನ್ನೇ ಪೂರ್ತಿ ಬದಲಾಯಿಸಬೇಕು.

ಇಲ್ಲಿಂದ ಮುಂದೆ ಕಾರಿನ ಕತೆ ನನ್ನ ಸಬ್ಜೆಕ್ಟಿಗೆ ಬರುತ್ತದೆ. ಮರ್ಸಿಡಿಸ್‌ನಲ್ಲಿ ಆವರೆಗೆ ಎಂಜಿನಿಯರ್‌ಗಳು ತಮಗೆ ಸರಿ ಅನ್ನಿಸಿದಂತೆ ಕಾರು ಮಾಡುತ್ತಿದ್ದರು, ಆಮೇಲೆ ಲೆಕ್ಕದವರು ಖರ್ಚು ಕೂಡಿಸಿ, ಲಾಭ ಸೇರಿಸಿ ಬೆಲೆ ಇಡುತ್ತಿದ್ದರು. 1989ರಲ್ಲಿ ಜಪಾನಿನ ಟೊಯೊಟಾದವರು ಲೆಕ್ಸಸ್ ಅಂತ ಒಂದು ಕಾರು ತಂದು, ಅಂಥದ್ದೇ ಸುಖವನ್ನು ಅಮೆರಿಕದಲ್ಲಿ ಬಹಳ ಕಡಿಮೆ ಬೆಲೆಗೆ ಮಾರತೊಡಗಿದರು. ಆಗ ಜರ್ಮನಿಯವರು ಲೆಕ್ಕ ತಿರುವುಮುರುವು ಮಾಡಬೇಕಾಯಿತು. ಮೊದಲು ಗ್ರಾಹಕ ಎಷ್ಟು ಕೊಡುತ್ತಾನೆ ಅಂತ ನೋಡು, ಅದರಲ್ಲಿ ಲಾಭ ಕಳೆ, ಉಳಿದಷ್ಟರಲ್ಲಿ ಕಾರು ಮಾಡು. ಇದಕ್ಕೆ ಟಾರ್ಗೆಟ್ ಕಾಸ್ಟಿಂಗ್ ಅಂತಾರೆ. 1990ರ ದಶಕದಲ್ಲಿ ಮರ್ಸಿಡಿಸ್ ಎಂ-ಕ್ಲಾಸ್ ಮಾಡಿದ ರೀತಿ ಕಾಸ್ಟ್ ಅಕೌಂಟಿಂಗ್ ಪುಸ್ತಕಗಳಲ್ಲಿ ಉದಾಹರಣೆಯಾಗಿ ಬರುತ್ತದೆ. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ, ಕಂಪನಿ ಉಳಿಯಬೇಕಲ್ಲ. ಆದರೆ 1995ರ ಡಬ್ಲ್ಯು 210 ನೋಡಿ. ಮುಂದೆ ನಾಲ್ಕು ದುಂಡು ದೀಪ, ನೋಡಲು ಚೆಂದ. ತುಕ್ಕು ಹಿಡಿಯುವುದರಲ್ಲಿ ಮಾತ್ರ ಅದು ಕೆಟ್ಟ ಹೆಸರು ತೆಗೆದುಕೊಂಡಿತು. ಮರ್ಸಿಡಿಸ್‌ಗೆ ತುಕ್ಕು ಅಂದರೆ ಹಳಬರು ನಂಬುತ್ತಲೇ ಇರಲಿಲ್ಲವಂತೆ.

ಈಗ ನಮ್ಮ ಕಾರಿಗೆ ಬಂದೆ. ಡಬ್ಲ್ಯು 211. ಇದರಲ್ಲಿ ಎಸ್‌ಬಿಸಿ ಅನ್ನುವ ಬ್ರೇಕ್ ಪದ್ಧತಿ ಇತ್ತು, ಸೆನ್ಸೋಟ್ರಾನಿಕ್ ಬ್ರೇಕ್ ಕಂಟ್ರೋಲ್. ಸಾಮಾನ್ಯ ಕಾರಿನಲ್ಲಿ ನಾವು ಪೆಡಲ್ ಒತ್ತಿದರೆ ಆ ಒತ್ತಡವೇ ಬ್ರೇಕ್ ಆಯಿಲ್ ಮೂಲಕ ಚಕ್ರಕ್ಕೆ ಹೋಗುತ್ತದೆ. ಎಸ್‌ಬಿಸಿಯಲ್ಲಿ ಪೆಡಲ್ ಒತ್ತಿದರೆ ಕಂಪ್ಯೂಟರ್‌ಗೆ ಸುದ್ದಿ ಹೋಗುತ್ತದೆ, ಅಷ್ಟೇ. ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಬೇಕು ಅಂತ ಕಂಪ್ಯೂಟರ್ ತೀರ್ಮಾನಿಸಿ, ಕರೆಂಟ್ ಪಂಪ್ ಮೊದಲೇ ತುಂಬಿಟ್ಟ ಒತ್ತಡವನ್ನು ಹಂಚುತ್ತದೆ. ಚೆನ್ನಾಗಿದ್ದಾಗ ಅದ್ಭುತ. ಮಳೆಯಲ್ಲಿ ಆಗಾಗ ತಾನೇ ಡಿಸ್ಕ್ ಒರೆಸಿಕೊಳ್ಳುತ್ತದೆ. ಕೈಕೊಟ್ಟರೆ? ಆಗಲೂ ಆಯಿಲ್ ದಾರಿ ಒಂದು ಉಳಿದಿರುತ್ತದೆ, ಆದರೆ ಮುಂದಿನ ಎರಡು ಚಕ್ರಕ್ಕೆ ಮಾತ್ರ, ಪೆಡಲ್ ಕಲ್ಲಿನ ಹಾಗೆ, ಕಾರು ನಿಲ್ಲಲು ಬಹಳ ದೂರ ಬೇಕು. 2004ರಲ್ಲಿ ಸುಮಾರು 6 ಲಕ್ಷದ 80 ಸಾವಿರ ಕಾರುಗಳನ್ನು, 2005ರಲ್ಲಿ ಬೇರೆ ಕಾರಣಗಳೂ ಸೇರಿ ಸುಮಾರು 13 ಲಕ್ಷ ಕಾರುಗಳನ್ನು ಕಂಪನಿಯೇ ವಾಪಸ್ ಕರೆದು ತಪಾಸಣೆ ಮಾಡಿತು. 2006ರಲ್ಲಿ ಇ-ಕ್ಲಾಸ್‌ನಿಂದ ಎಸ್‌ಬಿಸಿಯನ್ನೇ ತೆಗೆದು ಹಳೆಯ ಮಾದರಿ ಬ್ರೇಕ್ ಹಾಕಿದರು. ಅಂದರೆ ಅದೇ 211ರಲ್ಲಿ 2005 ಮತ್ತು 2007 ಬೇರೆ ಬೇರೆ ಕಾರು. ಮಾಮು ಟೋಕನ್ ಕೊಟ್ಟದ್ದು 2005ಕ್ಕೆ. ಆ ಘಟಕ ಎಷ್ಟು ಸಲ ಬ್ರೇಕ್ ಒತ್ತಲಾಗಿದೆ ಅಂತ ತಾನೇ ಎಣಿಸಿಟ್ಟುಕೊಳ್ಳುತ್ತದೆ, ನಿಗದಿ ದಾಟಿದರೆ ಎಚ್ಚರಿಕೆ ಕೊಡುತ್ತದೆ, ಆಗ ಅದನ್ನು ಪೂರ್ತಿ ಬದಲಾಯಿಸಬೇಕು. ಮದುಮಗ, ಅವನ ಅಕ್ಕನ ಮಕ್ಕಳು, ಹಿಂದಿನ ಸೀಟಿನಲ್ಲಿ ಹೂವಿನ ಹಾರ, ಮುಂದೆ ಮಾಮು. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಇಷ್ಟು ಓದಿ ಹಳೆಯದೇ ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಮಾಮು ಅದನ್ನೇ ಮಾಡಿದರು: "ಹಳೇದು ಲೋಹಾ, ಹೊಸದು ಪತ್ರಾ." ಇದಕ್ಕೆ ನಾನು ಒಪ್ಪಲಿಲ್ಲ. ಡಿಕ್ಕಿಯಾದಾಗ ಕಾರಿನ ಮೂತಿ ಬಗ್ಗದಿದ್ದರೆ ಆ ಹೊಡೆತ ಎಲ್ಲಿಗೆ ಹೋಗಬೇಕು? ಒಳಗೆ ಕೂತವರ ಎದೆಗೆ. ಮೂತಿ ಮತ್ತು ಹಿಂಭಾಗ ಮಡಚಿಕೊಂಡು ಹೊಡೆತ ನುಂಗಬೇಕು, ನಡುವಿನ ಕೋಣೆ ಮಾತ್ರ ಗಟ್ಟಿ ಇರಬೇಕು ಅಂತ ಮೊದಲು ಯೋಚಿಸಿದ್ದೇ ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನ್ಯಿ. 1959ರಲ್ಲೇ ಅಂಥ ಕಾರು ಬಂತು. ಡಬ್ಲ್ಯು 123ರಲ್ಲೂ ಈ ಬುದ್ಧಿ ಇದೆ. ಆದರೆ ಚಕ್ರ ಜಾರದಂತೆ ತಡೆಯುವ ಎಬಿಎಸ್ ಅದರಲ್ಲಿ 1980ರಿಂದ, ಗಾಳಿಚೀಲ 1982ರಿಂದ, ಎರಡೂ ಹೆಚ್ಚುವರಿ ದುಡ್ಡು ಕೊಟ್ಟವರಿಗೆ ಮಾತ್ರ. ಕಾರು ಅಡ್ಡಡ್ಡ ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿದಾರಿಗೆ ತರುವ ಇಎಸ್‌ಪಿ ಬಂದದ್ದೇ 1995ರಲ್ಲಿ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಹೊಸ ಎ-ಕ್ಲಾಸ್ ಕಾರನ್ನು ರಸ್ತೆಗೆ ಅಡ್ಡ ಬಂದ ಕಾಡುಪ್ರಾಣಿಯನ್ನು ತಪ್ಪಿಸುವಂತೆ ತಿರುಗಿಸಿದಾಗ ಅದು ಮಗುಚಿಬಿತ್ತು. ಕಂಪನಿಗೆ ದೊಡ್ಡ ಅವಮಾನ. ಆದರೆ ಆ ಅವಮಾನದಿಂದಲೇ ಆ ಸಣ್ಣ ಕಾರಿಗೂ ಇಎಸ್‌ಪಿ ಕಡ್ಡಾಯವಾಯಿತು. ನನ್ನನ್ನು ಕೇಳಿದರೆ ಅಪಘಾತದ ಹೊತ್ತಿನಲ್ಲಿ ನಾನು ಮಾಮುವಿನ ಬಿಳಿ ಕಾರಿನಲ್ಲಿ ಇರಲು ಬಯಸುವುದಿಲ್ಲ, ಈಗಿನ 214ರಲ್ಲಿ ಇರುತ್ತೇನೆ.

ಹೊಗೆಯ ವಿಷಯದಲ್ಲೂ ಹಾಗೇ. ಹಳೇ 240 ಡಿ ಹಿಂದೆ ಸ್ಕೂಟಿಯಲ್ಲಿ ಹೋದರೆ ದುಪಟ್ಟಾ ಕಪ್ಪಾಗುತ್ತದೆ. ಹೊಸ ಡೀಸೆಲ್ ಬಹಳ ಸ್ವಚ್ಛ. ಹಾಗಂತ ಹೊಸಬರೆಲ್ಲ ಸತ್ಯವಂತರೂ ಅಲ್ಲ. ಡೀಸೆಲ್ ಹೊಗೆಯ ವಿಷಯದಲ್ಲಿ 2019ರಲ್ಲಿ ಸ್ಟುಟ್‌ಗಾರ್ಟ್‌ನ ಸರ್ಕಾರಿ ವಕೀಲರ ಕಚೇರಿ ಡೈಮ್ಲರ್‌ಗೆ 87 ಕೋಟಿ ಯೂರೊ ದಂಡ ಹಾಕಿತು.

ತೀರಾ ಹೊಸ ಇ-ಕ್ಲಾಸ್ ಬಗ್ಗೆ ಹೆಚ್ಚು ಹೇಳಲು ನನಗೆ ಆಸೆ ಇಲ್ಲ, ಅದು ಚಕ್ರವಿರುವ ಮೊಬೈಲ್. ಪುಣೆ ಹತ್ತಿರದ ಚಾಕಣದಲ್ಲಿ ಜೋಡಿಸುತ್ತಾರೆ, ನಮ್ಮ ದೇಶಕ್ಕೆ ಅಂತ ಹಿಂದಿನ ಸೀಟಿಗೆ ಜಾಗ ಜಾಸ್ತಿ ಇರುವ ಉದ್ದದ ಮಾದರಿ. ಅದರೊಳಗಿನ ಸಾಫ್ಟ್‌ವೇರ್ ಅಂಥ ಕೆಲಸಗಳು 1996ರಿಂದ ಬೆಂಗಳೂರಿನಲ್ಲಿರುವ ಮರ್ಸಿಡಿಸ್ ಸಂಶೋಧನಾ ಕೇಂದ್ರದಲ್ಲೂ ನಡೆಯುತ್ತವೆ. ನಮ್ಮ ಸೈನ್ಸ್ ಸೆಕ್ಷನ್ ಗೆಳತಿಯರು ಗಮನಿಸಲಿ.

ಇನ್ನು ಲೆಕ್ಕ. ಪ್ರಥಮ ಪಿಯುಸಿಯಲ್ಲಿ ಸವಕಳಿ ಪಾಠ ಬಂದಾಗ ನಾವೆಲ್ಲ ಗೊಣಗಿದ್ದೆವು. ಈಗ ಅದೇ ಕೆಲಸಕ್ಕೆ ಬಂತು. ಹೊಸದರಲ್ಲಿ ಕಾರಿನ ಬೆಲೆ ಸುಮ್ಮನೆ 40 ಲಕ್ಷ ಅಂದುಕೊಳ್ಳೋಣ. ಆದಾಯ ತೆರಿಗೆಯ ನಿಯಮದಂತೆ ಸಾಮಾನ್ಯ ಕಾರಿಗೆ ವರ್ಷಕ್ಕೆ ಶೇ. 15 ಸವಕಳಿ, ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. 10 ವರ್ಷದ ಮೇಲೆ ಉಳಿಯುವುದು ಸುಮಾರು 7 ಲಕ್ಷ 87 ಸಾವಿರ. 15 ವರ್ಷಕ್ಕೆ ಸುಮಾರು 3 ಲಕ್ಷ 49 ಸಾವಿರ. 20 ವರ್ಷಕ್ಕೆ ಸುಮಾರು 1 ಲಕ್ಷ 55 ಸಾವಿರ. ವ್ಯಾಪಾರಿ ಕೇಳಿದ್ದು 3 ಲಕ್ಷ 25 ಸಾವಿರ. "ಇಷ್ಟು ಅಗ್ಗಕ್ಕೆ ಬೆಂಜ್" ಅಂತ ಮಾಮು ಕುಣಿದರಲ್ಲ, ಪುಸ್ತಕದ ಲೆಕ್ಕದಲ್ಲಿ ಅದು ಅಗ್ಗವೇ ಅಲ್ಲ. ಮಾರುಕಟ್ಟೆ ಪುಸ್ತಕದಂತೆ ನಡೆಯುವುದಿಲ್ಲ, ಒಪ್ಪುತ್ತೇನೆ, ಆದರೂ ಚೌಕಾಶಿಗೆ ಒಂದು ನೆಲೆ ಸಿಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಬೇರೆ. ಇಳಿಕೆ ಬಾಕಿ ವಿಧಾನ ಯಾಕೆ ಬೇಕು ಅಂತ ಪುಸ್ತಕ ಒಂದು ಕಾರಣ ಕೊಡುತ್ತದೆ: ಶುರುವಿನ ವರ್ಷಗಳಲ್ಲಿ ಸವಕಳಿ ಜಾಸ್ತಿ, ರಿಪೇರಿ ಕಡಿಮೆ; ಕೊನೆಯ ವರ್ಷಗಳಲ್ಲಿ ಸವಕಳಿ ಕಡಿಮೆ, ರಿಪೇರಿ ಜಾಸ್ತಿ; ಎರಡೂ ಕೂಡಿದರೆ ಪ್ರತಿ ವರ್ಷದ ಹೊರೆ ಹೆಚ್ಚುಕಡಿಮೆ ಒಂದೇ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಸಾಲು ಆ ದಿನ ಅರ್ಥವಾಯಿತು. ಮೊದಲ ಮಾಲೀಕ ಸವಕಳಿ ಹೊತ್ತ, ರಿಪೇರಿ ಬರುವ ಹೊತ್ತಿಗೆ ಮಾರಿಬಿಟ್ಟ. ಕೊನೆಯ ಮಾಲೀಕನ ತಲೆಗೆ ಉಳಿಯುವುದು ರಿಪೇರಿ. ಕಾರಿನ ಬೆಲೆ 40 ಲಕ್ಷದಿಂದ 3 ಲಕ್ಷಕ್ಕೆ ಇಳಿದಿರಬಹುದು, ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಅವು ಇನ್ನೂ 40 ಲಕ್ಷದ ಕಾರಿನ ಬಿಡಿಭಾಗಗಳೇ. 123ಕ್ಕೂ 211ಕ್ಕೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ. ಹಳೆಯದರಲ್ಲಿ ಕೊನೆಯ ಮಾಲೀಕ ತನ್ನ ದುಡಿಮೆಯಿಂದ ರಿಪೇರಿ ಮಾಡಿಕೊಳ್ಳಬಹುದಿತ್ತು, ಮೊರಾಕ್ಕೊದ ಡ್ರೈವರ್‌ಗಳು ಮಾಡಿದ ಹಾಗೆ. 211ರಲ್ಲಿ ಡಜನ್‌ಗಟ್ಟಲೆ ಸಣ್ಣ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಅವುಗಳ ಭಾಷೆ ಬರುವ ಯಂತ್ರ ಉಸ್ತಾದ್ ಹತ್ತಿರ ಇಲ್ಲ. "ನನ್ನ ಗ್ಯಾರೇಜಿಗೆ ತರಬೇಡ ಭಾಯಿ" ಅಂತ ಅವರು ಮಾಮುಗೆ ನೇರವಾಗಿಯೇ ಹೇಳಿದರು.

ಕೊನೆಯದಾಗಿ ಕಾನೂನು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಕಾರಿಗೆ ಒಂದು ಸಲ ಆಗಿತ್ತು, ಇನ್ನೊಂದು ಸಲದ ಹೊತ್ತು ಬಂದಿತ್ತು. ವೈಟ್ ಬೋರ್ಡ್ ಕಾರನ್ನು ಮದುವೆಗೆ ಬಾಡಿಗೆಗೆ ಬಿಡುವಂತಿಲ್ಲ. ಯೆಲ್ಲೋ ಬೋರ್ಡ್ ಮಾಡಿಸಿದರೆ ಪರ್ಮಿಟ್, ಪ್ರತಿ ವರ್ಷ ಫಿಟ್ನೆಸ್. ಎಲ್ಲರೂ ಓಡಿಸ್ತಾರಲ್ಲ ಅಂದರು ಮಾಮು. ಅಬ್ಬಾ ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ.

ಮಾಮು ನನ್ನ ಲೆಕ್ಕ ನೋಡಿ ಬೇಜಾರಾದರು. "ಒಂದು ಸಲ ಕಾರು ನೋಡಿ ಹೇಳು" ಅಂದರು. ಭಾನುವಾರ ಬೆಳಗಿನ ರೈಲಿಗೆ ಇಬ್ಬರೂ ಬೆಂಗಳೂರಿಗೆ ಹೋದೆವು. ಏನು ನೋಡಬೇಕು ಅಂತ ಉಸ್ತಾದ್ ಫೋನಿನಲ್ಲೇ ಹೇಳಿಕೊಟ್ಟಿದ್ದರು. ಕಾರು ಕಪ್ಪಗೆ ಮಿಂಚುತ್ತಿತ್ತು. ಮೀಟರ್‌ನಲ್ಲಿ 82 ಸಾವಿರ ಕಿಲೋಮೀಟರ್. ನಾನು ಬಗ್ಗಿ ಬ್ರೇಕ್ ಪೆಡಲಿನ ರಬ್ಬರ್ ನೋಡಿದೆ. ಗೆರೆಗಳೆಲ್ಲ ಸವೆದು ನುಣ್ಣಗಾಗಿ, ಒಂದು ಮೂಲೆಯಲ್ಲಿ ಲೋಹ ಕಾಣುತ್ತಿತ್ತು. ಡ್ರೈವರ್ ಸೀಟಿನ ಅಂಚಿನ ಚರ್ಮ ಬಿರುಕು ಬಿಟ್ಟಿತ್ತು. 82 ಸಾವಿರಕ್ಕೆ ಇಷ್ಟು ಸವೆಯುವುದಿಲ್ಲ. ಸರ್ವಿಸ್ ಬಿಲ್ ಕೇಳಿದೆ, ಇರಲಿಲ್ಲ. ಬ್ರೇಕ್ ಘಟಕ ಯಾವಾಗ ಬದಲಾಯಿಸಿದ್ದು ಅಂತ ಕೇಳಿದೆ. "ಬ್ರೇಕ್ ಸೂಪರ್ ಆಗಿದೆ ಮೇಡಂ, ಒತ್ತಿ ನೋಡಿ" ಅಂತ ವ್ಯಾಪಾರಿ ನಕ್ಕ. ಮಾಮು ಬಾಗಿಲು ತೆಗೆದಾಗ ಒಳಗೆಲ್ಲೋ ಗುರ್ರ್ ಅಂತ ಸಣ್ಣ ಸದ್ದು. ಎಸ್‌ಬಿಸಿ ಪಂಪ್ ಎಚ್ಚರವಾಗುವ ಸದ್ದು ಅದು, ನಾನು ಓದಿದ್ದೆ. ಮಾಮು ಸ್ಟೇರಿಂಗ್ ಹಿಂದೆ ಕೂತು ಎರಡೂ ಕೈ ಮೇಲಿಟ್ಟು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಇಳಿದು ಬಂದು "ಚಲ್ ಬೇಟಾ" ಅಂದರು.

ಟೋಕನ್‌ನಲ್ಲಿ ಅರ್ಧ ಮಾತ್ರ ವಾಪಸ್ ಬಂತು. ಉಳಿದ 10 ಸಾವಿರವನ್ನು ಮಾಮು ಯಾರ ಹತ್ತಿರವೂ ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ.

ಈಗ ಅವರು ಉಸ್ತಾದ್ ಪರಿಚಯದವರ ಟ್ರಾವೆಲರ್ ಓಡಿಸುತ್ತಿದ್ದಾರೆ, ಮದುವೆ ಪಾರ್ಟಿಗಳನ್ನು ಕರೆದುಕೊಂಡು ಹೋಗುತ್ತಾರೆ. ದೂಲ್ಹಾ ಅಲ್ಲ, ಅವನ ಕಡೆಯ ಹದಿನಾರು ಜನ. ಹಳೇ ಗಾಡಿ, ಹಳೇ ಎಂಜಿನ್. ಮೊನ್ನೆ ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದರು, ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ 1996ರ ಇ 220 ಇದೆಯಂತೆ, ಪುಣೆಯಲ್ಲಿ ತಯಾರಾದದ್ದು, ಒಬ್ಬರೇ ಮಾಲೀಕರು. ಬಾಡಿಗೆಗೆ ಅಲ್ಲ, ಸುಮ್ಮನೆ ನೋಡೋಕೆ ಅಂತ. ಅಮ್ಮಿ ರೊಟ್ಟಿ ಬಡಿಸುತ್ತಾ ನನ್ನ ಮುಖ ನೋಡಿದರು. ಎಂಜಿನ್ ವೈರಿಂಗ್ ಬದಲಾಯಿಸಿದ ಬಿಲ್ ಇದೆಯಾ ಕೇಳಿ ಅಂತ ಹೇಳಿದ್ದೇನೆ. ಹುಬ್ಬಳ್ಳಿಯಿಂದ ಇನ್ನೂ ಫೋನ್ ಬಂದಿಲ್ಲ.